ವಯಸ್ಸಿನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು?

ಎಪ್ಪತ್ತು ದಾಟಿದವರು ಏನೇ ಹೇಳಿಕೊಂಡರೂ ಸುತ್ತಲಿನವರ ಬಾಯಲ್ಲಿ ಬರುವ ಮಾತು ಒಂದೇ: "ವಯಸ್ಸಾಯ್ತಲ್ಲ, ಇನ್ನೇನು?" ಮಂಡಿ ನೋವಿಗೂ ಅದೇ ಉತ್ತರ, ಮರೆವಿಗೂ ಅದೇ, ಊಟ ಸೇರದಿದ್ದರೂ ಅದೇ. ಎಷ್ಟೋ ಸಲ ಹಿರಿಯರೇ ತಮಗೆ ತಾವೇ ಹಾಗೆ ಹೇಳಿಕೊಂಡು ಸುಮ್ಮನಾಗಿಬಿಡುತ್ತಾರೆ. ಆ ಮಾತು ಅರ್ಧ ನಿಜ. ವಯಸ್ಸು ಮೈಯನ್ನೂ ಮನಸ್ಸನ್ನೂ ಬದಲಿಸುತ್ತದೆ, ಅನುಮಾನ ಬೇಡ. ಆದರೆ ಅದರ ಲೆಕ್ಕಕ್ಕೆ ನಾವು ಬರೆದುಬಿಡುವ ಹಲವು ತೊಂದರೆಗಳು ಅದರವಲ್ಲ. ಕೆಲವು ಕಾಯಿಲೆಯವು, ಕೆಲವು ಮಾತ್ರೆಗಳಿಂದ ಬಂದವು, ಇನ್ನು ಕೆಲವು ಬರೀ ಕೂತು ಕೂತು ಬಂದವು. ಇವನ್ನು ಬಿಡಿಸಿ ನೋಡದಿದ್ದರೆ ಸರಿಹೋಗಬಹುದಾದದ್ದೂ ಸರಿಹೋಗದೆ ಉಳಿದುಬಿಡುತ್ತದೆ.

ಕರಗುವುದು ಮೀಸಲು

ನಮ್ಮ ಅಂಗಗಳಿಗೆ ದಿನನಿತ್ಯಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. ಒಂದು ಕಿಡ್ನಿ ದಾನ ಕೊಟ್ಟವರೂ ಆರಾಮಾಗಿ ಬದುಕುವುದು ಇದರಿಂದಲೇ. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಹರೆಯದಲ್ಲಿ ಜೋರಾಗಿ ಓಡುವಾಗ ಅದೇ ಹೃದಯ 20 ಲೀಟರ್ ತನಕ ಹೋಗಬಲ್ಲದು. ಈ ನಡುವಿನ ಅಂತರವೇ ಮೀಸಲು ಶಕ್ತಿ. ವಯಸ್ಸಾದಂತೆ ಕರಗುವುದು ಮುಖ್ಯವಾಗಿ ಇದು. ಕೂಡಿಟ್ಟ ದುಡ್ಡು ಖರ್ಚಾಗುತ್ತಿದ್ದರೂ ತಿಂಗಳ ಖರ್ಚು ಹೇಗೋ ಸಾಗುತ್ತಿರುತ್ತದೆ. ದೊಡ್ಡ ಖರ್ಚೊಂದು ಎದುರಾದ ದಿನ ಮಾತ್ರ ಪೆಟ್ಟಿಗೆ ಬರಿದಾದದ್ದು ಗೊತ್ತಾಗುತ್ತದೆ.

ಹಾಗಾಗಿಯೇ 75 ವರ್ಷದವರೊಬ್ಬರು ಮನೆಯಲ್ಲಿ ಎಲ್ಲ ಕೆಲಸ ಮಾಡಿಕೊಂಡು ಗಟ್ಟಿಯಾಗೇ ಇರುತ್ತಾರೆ. ಒಂದು ನ್ಯುಮೋನಿಯಾ ಬಂದರೆ ಮಾತ್ರ ತಿಂಗಳುಗಟ್ಟಲೆ ಮೇಲೇಳುವುದಿಲ್ಲ. ಮನೆಯವರು "ಮೊನ್ನೆವರೆಗೂ ಚೆನ್ನಾಗೇ ಇದ್ದರು" ಅನ್ನುತ್ತಾರೆ. ಇದ್ದರು ನಿಜ. ಮೀಸಲು ಮಾತ್ರ ಎಷ್ಟೋ ವರ್ಷದಿಂದ ಇಳಿಯುತ್ತಲೇ ಇತ್ತು.

ಈ ಇಳಿತ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಅಮೆರಿಕದಲ್ಲಿ 1958ರಲ್ಲಿ ಶುರುವಾದ ಬಾಲ್ಟಿಮೋರ್ ಅಧ್ಯಯನ ಅದೇ ಜನರನ್ನು ದಶಕಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತಾ ಬಂದಿದೆ. ಅದು ತೋರಿಸಿಕೊಟ್ಟ ದೊಡ್ಡ ಸಂಗತಿ ಎಂದರೆ, ಮುಪ್ಪಿಗೆ ಒಂದೇ ದಾರಿ ಇಲ್ಲ. ಇಪ್ಪತ್ತು ವರ್ಷದ ಇಬ್ಬರು ಹುಡುಗರ ನಡುವೆ ಇರುವ ವ್ಯತ್ಯಾಸಕ್ಕಿಂತ ಎಂಬತ್ತರ ಇಬ್ಬರ ನಡುವೆ ಇರುವ ವ್ಯತ್ಯಾಸ ಬಹಳ ದೊಡ್ಡದು. ಒಬ್ಬರಲ್ಲೇ ನೋಡಿದರೂ ಕಿಡ್ನಿ ಒಂದು ವೇಗದಲ್ಲಿ, ಕಿವಿ ಇನ್ನೊಂದು ವೇಗದಲ್ಲಿ ಮುಪ್ಪಾಗುತ್ತವೆ. "ಎಂಬತ್ತಕ್ಕೆ ಹೀಗೇ ಇರಬೇಕು" ಅನ್ನುವ ಅಳತೆ ಎಲ್ಲೂ ಇಲ್ಲ.

ಇದೆಲ್ಲ ಯಾಕಾಗುತ್ತದೆ ಎಂಬುದಕ್ಕೆ ಒಂದೇ ಕಾರಣ ಇಲ್ಲ. ಜೀವಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆದು ಎರಡಾಗಲಾರವು ಎಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು. ಪ್ರಯೋಗಾಲಯದಲ್ಲಿ ಅವು 40ರಿಂದ 60 ಸಲ ಒಡೆದು ನಿಂತುಬಿಡುತ್ತವೆ. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಪ್ರತಿ ಸಲವೂ ಸ್ವಲ್ಪ ಮೊಟಕಾಗುತ್ತದೆ. ಇದರ ಕೆಲಸಕ್ಕೆ 2009ರಲ್ಲಿ ಮೂವರಿಗೆ ನೊಬೆಲ್ ಬಂತು. ಜೊತೆಗೆ ಡಿಎನ್‌ಎಗೆ ಆಗುವ ಹಾನಿ, ಒಳಗೊಳಗೇ ಸಣ್ಣಗೆ ಉರಿಯುವ ಉರಿಯೂತ, ಹಾರ್ಮೋನುಗಳ ಏರುಪೇರು ಎಲ್ಲ ಸೇರುತ್ತವೆ. ನಮಗೆ ನಿತ್ಯ ಕಾಣುವುದು ಇವುಗಳ ಒಟ್ಟು ಫಲ.

ಕಣ್ಣು, ಕಿವಿ

ಕಣ್ಣಿಂದಲೇ ಶುರುಮಾಡೋಣ, ವಯಸ್ಸು ಮೊದಲು ಸುದ್ದಿ ಮುಟ್ಟಿಸುವುದು ಅಲ್ಲೇ ತಾನೇ. ನಲವತ್ತು ದಾಟುತ್ತಿದ್ದಂತೆ ಚಾಳೀಸು ಬರುತ್ತದೆ. ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಬಾಗುವುದಿಲ್ಲ. ಇದು ಕಾಯಿಲೆ ಅಲ್ಲ, ಎಲ್ಲರಿಗೂ ಬರುವಂಥದ್ದು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಬದಲಾವಣೆ ಇದೆ. ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. 20ರವರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ 60ರವರ ರೆಟಿನಾಕ್ಕೆ ತಲುಪುತ್ತದೆ. ನಿಮಗೆ ಸಾಕಾದ ದೀಪ ಅವರಿಗೆ ಮಬ್ಬು. ಕತ್ತಲಿಂದ ಬೆಳಕಿಗೆ, ಬೆಳಕಿಂದ ಕತ್ತಲಿಗೆ ಹೊಂದಿಕೊಳ್ಳಲೂ ಅವರ ಕಣ್ಣಿಗೆ ಜಾಸ್ತಿ ಹೊತ್ತು ಬೇಕು. ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಹತ್ತಿರ ಒಂದು ಪ್ರಖರವಾದ ಬಲ್ಬು ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಪೊರೆ ಬಂದಿದ್ದರೆ ಅದಂತೂ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ.

ಕಿವಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದನ್ನು ಬಹಳ ಜನ ತಪ್ಪಾಗಿ ತಿಳಿದಿರುತ್ತಾರೆ. ಒಳಗಿವಿಯಲ್ಲಿ ಶಬ್ದ ಹಿಡಿಯುವ ಸೂಕ್ಷ್ಮ ಕೂದಲಿನಂಥ ಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹಾಳಾಗುವುದು ಕೀಚಲು ಶಬ್ದ ಹಿಡಿಯುವ ಕೋಶಗಳು. ನಮ್ಮ ಮಾತಿನಲ್ಲಿ ಸ್ವರಗಳು ದಪ್ಪ ದನಿಯವು, ಸ, ಶ, ತ, ಕದಂಥ ವ್ಯಂಜನಗಳು ತೆಳು ದನಿಯವು. ಮಾತಿನ ಜೋರು ಸ್ವರದಲ್ಲಿರುತ್ತದೆ, ಅರ್ಥ ಬಿಡಿಸಿ ಕೊಡುವುದು ಬಹುಪಾಲು ವ್ಯಂಜನ. 'ಕಾಸು', 'ಕಾಲು', 'ಕಾಡು' ಮೂರರಲ್ಲೂ ಸ್ವರ ಅವೇ. ನಡುವಿನ ಒಂದು ವ್ಯಂಜನ ಮಸುಕಾದರೆ ಯಾವುದು ಎಂದು ಊಹಿಸಬೇಕು. ಅಜ್ಜ "ಕೇಳಿಸ್ತು, ಆದ್ರೆ ಏನಂದ್ರಿ ಗೊತ್ತಾಗ್ಲಿಲ್ಲ" ಅನ್ನುವುದು ಇದಕ್ಕೇ. ಅದು ನೆಪ ಅಲ್ಲ, ಬಹಳ ನಿಖರವಾದ ವಿವರಣೆ.

ಆಗ ನಾವೇನು ಮಾಡುತ್ತೇವೆ? ಕೂಗುತ್ತೇವೆ. ಕೂಗಿದಾಗ ಜೋರಾಗುವುದು ಸ್ವರ, ಅದು ಅವರಿಗೆ ಮೊದಲೇ ಕೇಳುತ್ತಿತ್ತು. ವ್ಯಂಜನ ಅಲ್ಲೇ ಉಳಿಯಿತು. ಅದರ ಮೇಲೆ, ಇಂಥ ಕಿವಿಗೆ ಜೋರು ಶಬ್ದ ಬೇಗ ಕಿರಿಕಿರಿ ಮಾಡುತ್ತದೆ. "ಯಾಕೆ ಹಾಗೆ ಕಿರುಚ್ತೀಯ" ಎಂದು ಅವರು ಬೈಯುತ್ತಾರೆ, ನಮಗೆ ಸಿಟ್ಟು ಬರುತ್ತದೆ. ಮಾಡಬೇಕಾದದ್ದು ಬೇರೆ. ಎದುರಿಗೆ ಬಂದು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಬೇಕು. ಟಿ.ವಿ. ಆಫ್ ಮಾಡಬೇಕು. ಗೊತ್ತಾಗದಿದ್ದರೆ ಅದೇ ಪದವನ್ನು ಮೂರು ಸಲ ಹೇಳುವ ಬದಲು ಬೇರೆ ಪದ ಬಳಸಬೇಕು.

ಮನೆ ತುಂಬ ಜನ ಸೇರಿದಾಗ ಮೂಲೆಯಲ್ಲಿ ಸುಮ್ನೆ ಕೂತ ಹಿರಿಯರನ್ನು ನೋಡಿರಬಹುದು. ಎಲ್ಲರೂ ನಕ್ಕಾಗ ಅವರೂ ಅರೆಗಳಿಗೆ ತಡವಾಗಿ ನಗುತ್ತಾರೆ. ಹತ್ತು ಬಾಯಿಗಳ ಮಾತಿನಲ್ಲಿ ಒಂದನ್ನು ಬೇರ್ಪಡಿಸಲು ಮಿದುಳು ವಿಪರೀತ ದಣಿಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಪ್ರಯತ್ನ ಬಿಟ್ಟುಬಿಡುತ್ತಾರೆ. ನೋಡಿದವರು "ಅವರಿಗೆ ಯಾವುದರಲ್ಲೂ ಆಸಕ್ತಿ ಇಲ್ಲ" ಅನ್ನುತ್ತಾರೆ. ಕಿವಿಯ ತೊಂದರೆ ಹೀಗೆ ಮನಸ್ಸಿನ ತೊಂದರೆಯ ವೇಷ ಹಾಕುತ್ತದೆ. ಕ್ರಮೇಣ ನಿಜವಾದ ಮನಸ್ಸಿನ ತೊಂದರೆಯೂ ಆಗಬಹುದು. ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆಯ ಶಕ್ತಿ ಕುಗ್ಗಿಸುವ ಮಿದುಳಿನ ಕಾಯಿಲೆ, ಇದರ ಬಗ್ಗೆ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನವೂ ಒಂದು. ಕನ್ನಡಕ ಹಾಕಲು ನಾಚದವರು ಶ್ರವಣ ಸಾಧನಕ್ಕೆ ಯಾಕೆ ನಾಚಬೇಕು? ಬೇಗ ಹಾಕಿಕೊಂಡಷ್ಟೂ ಒಳ್ಳೆಯದು, ಯಾಕೆಂದರೆ ಎಷ್ಟೋ ವರ್ಷ ಕೇಳಿಸದಿದ್ದ ಶಬ್ದಗಳಿಗೆ ಮಿದುಳು ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ.

ಸ್ನಾಯು, ಮೂಳೆ

ಸ್ನಾಯು ಕರಗುವುದು ಮುಪ್ಪಿನಲ್ಲಿ ಶುರುವಾಗುವ ಕೆಲಸ ಅಲ್ಲ. ಮೂವತ್ತರ ನಂತರವೇ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಹೋಗುತ್ತಾ ಇರುತ್ತದೆ. ಅರವತ್ತರ ಮೇಲೆ ವೇಗ ಜಾಸ್ತಿ. ಇದಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ 'ಸಾರ್ಕೊಪೀನಿಯಾ' ಎಂದು ಹೆಸರಿಟ್ಟರು. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಅದರಲ್ಲೂ ಥಟ್ಟನೆ ಕೆಲಸ ಮಾಡುವ ಎಳೆಗಳು ಹೆಚ್ಚು ಸೊರಗುತ್ತವೆ. ಎಡವಿದಾಗ ಕ್ಷಣಮಾತ್ರದಲ್ಲಿ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳುವುದು ಆ ಎಳೆಗಳ ಕೆಲಸ. ಹಾಗಾಗಿ ಎಡವುವುದು ಎಲ್ಲರೂ ಎಡವುತ್ತಾರೆ, ಬೀಳುವುದು ಮಾತ್ರ ಹಿರಿಯರು.

ಇಲ್ಲಿ ವಯಸ್ಸಿನ ಪಾಲಿಗಿಂತ ಬಳಸದಿರುವುದರ ಪಾಲು ಎಷ್ಟು ದೊಡ್ಡದು ಅನ್ನುವುದಕ್ಕೆ ಎರಡು ಅಧ್ಯಯನ ನೋಡಿ. 2007ರಲ್ಲಿ ಪ್ರಕಟವಾದ ಒಂದರಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಏನೂ ಇರಲಿಲ್ಲ. ಅಷ್ಟರಲ್ಲೇ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಕೊಬ್ಬಿಲ್ಲದ ಮಾಂಸ ಕರಗಿಹೋಗಿತ್ತು. ಇನ್ನೊಂದು 1990ರದ್ದು. ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಂಟು ವಾರ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ತೊಂಬತ್ತರಲ್ಲಿ! ಚಿಕ್ಕ ಅಧ್ಯಯನ ನಿಜ. ಆದರೆ ಆಮೇಲೆ ನಡೆದ ಎಷ್ಟೋ ಅಧ್ಯಯನಗಳು ಅದೇ ದಿಕ್ಕಿಗೆ ಕೈ ತೋರಿಸಿವೆ.

ಆದ್ದರಿಂದ "ನೀವು ಕೂತ್ಕೊಳ್ಳಿ, ನಾನು ತಂದ್ಕೊಡ್ತೀನಿ" ಅನ್ನುವ ಪ್ರೀತಿ ಅಷ್ಟೇನೂ ಒಳ್ಳೆಯದಲ್ಲ ಎಂದು ನನಗನ್ನಿಸುತ್ತದೆ. ಕೂತಲ್ಲಿಂದ ಎದ್ದು ನೀರು ತಂದುಕೊಳ್ಳುವುದೂ ಆ ವಯಸ್ಸಿನಲ್ಲಿ ವ್ಯಾಯಾಮವೇ. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನದ ಮತ್ತು ಬಲದ ವ್ಯಾಯಾಮ. ಬರೀ ವಾಕಿಂಗ್ ಸಾಲದು. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ವ್ಯಾಯಾಮದ ಫಲವೂ ಕಡಿಮೆ. ಮುಪ್ಪಿನಲ್ಲಿ ಹಸಿವು ಕುಗ್ಗುತ್ತದೆ, ಹಲ್ಲು ಸಾಥ್ ಕೊಡುವುದಿಲ್ಲ, ಮೆತ್ತಗಿರುವುದನ್ನೇ ತಿಂದು ಮುಗಿಸುತ್ತಾರೆ. ಪ್ರೋಟೀನ್ ಬಿಟ್ಟುಹೋಗುವುದು ಹೀಗೆ.

ಮೂಳೆ ಸುಮಾರು ಮೂವತ್ತರ ಹೊತ್ತಿಗೆ ಗಟ್ಟಿತನದ ತುದಿ ಮುಟ್ಟಿ ಆಮೇಲೆ ಸವೆಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ನಂತರದ ಕೆಲವು ವರ್ಷ ಈ ಸವೆತ ಬಹಳ ವೇಗ. ನಲವತ್ತರ ಮೇಲೆ ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಕುಳ್ಳಗಾಗುವುದು ಸಹಜ, ಬೆನ್ನುಮೂಳೆಯ ನಡುವಿನ ಡಿಸ್ಕುಗಳು ಒಣಗಿ ತೆಳುವಾಗುತ್ತವೆ. ಬೆನ್ನು ಒಂದೇ ಸಮ ಬಾಗುತ್ತಾ ಎತ್ತರ ಬೇಗ ಇಳಿದರೆ ಅದು ಸಹಜ ಅಲ್ಲ. ಗೊತ್ತೇ ಆಗದ ಹಾಗೆ ಬೆನ್ನುಮೂಳೆ ಕುಸಿದಿರಬಹುದು.

ಹಾಸಿಗೆಯಿಂದ ಏಳುವ ಆ ಒಂದು ನಿಮಿಷ

ರಕ್ತನಾಳಗಳು ವಯಸ್ಸಿಗೆ ಬಿರುಸಾಗುತ್ತವೆ. ಬಿ.ಪಿ.ಯ ಮೇಲಿನ ಸಂಖ್ಯೆ ಏರುತ್ತದೆ, ಕೆಳಗಿನದು ಹಾಗೇ ಉಳಿಯಬಹುದು ಅಥವಾ ಇಳಿಯಬಹುದು. ಹೃದಯದ ಗರಿಷ್ಠ ಬಡಿತವೂ ಇಳಿಯುತ್ತದೆ. ಇವೆಲ್ಲ ಸೇರಿ ಏನಾಗುತ್ತದೆ ಎಂದು ನೋಡಲು ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಏಳುವ ಒಬ್ಬರನ್ನು ಗಮನಿಸಿ.

ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಸಂವೇದಕಗಳು ಇದನ್ನು ಹಿಡಿದು, ಹೃದಯ ವೇಗವಾಗಿ ಬಡಿಯುವಂತೆ, ಕಾಲಿನ ನಾಳಗಳು ಬಿಗಿಯುವಂತೆ ಮಾಡುತ್ತವೆ. ಹರೆಯದಲ್ಲಿ ಇದು ನಮಗೆ ಗೊತ್ತೇ ಆಗದಷ್ಟು ಬೇಗ ನಡೆಯುತ್ತದೆ. ಮುಪ್ಪಿನಲ್ಲಿ ತಡವಾಗುತ್ತದೆ. ಆ ತಡದಲ್ಲಿ ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಜೊತೆಗೆ ಬಾಯಾರಿಕೆ ಮಂದವಾಗಿರುವುದರಿಂದ ಹಗಲಲ್ಲಿ ಅವರು ನೀರು ಸರಿಯಾಗಿ ಕುಡಿದಿರುವುದಿಲ್ಲ. ಕೋಣೆ ಕತ್ತಲು, ಕಣ್ಣಿಗೆ ಬೆಳಕು ಸಾಲದು. ತೊಡೆಯಲ್ಲಿ ಬಲ ಇಲ್ಲ. ಮಲಗುವ ಮುಂಚೆ ತಗೊಂಡ ಮಾತ್ರೆಯ ಮಂಪರು ಬೇರೆ. ಒಂದೊಂದೇ ನೋಡಿದರೆ ಯಾವುದೂ ದೊಡ್ಡದಲ್ಲ. ಐದೂ ಒಟ್ಟಿಗೆ ಬಂದಾಗ ಸೊಂಟ ಮುರಿಯುತ್ತದೆ.

ನಿಂತ ಮೂರು ನಿಮಿಷದೊಳಗೆ ಬಿ.ಪಿ.ಯ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ತೊಂದರೆ ಎಂದೇ ಎಣಿಸುತ್ತಾರೆ. ಕೂತಾಗಿನ ಬಿ.ಪಿ. ಮಾತ್ರ ನೋಡಿದರೆ ಇದು ಸಿಗುವುದಿಲ್ಲ. ತಲೆ ಸುತ್ತು ಅನ್ನುವವರಿಗೆ ಮಲಗಿಸಿ, ನಿಲ್ಲಿಸಿ ಎರಡೂ ಸಲ ನೋಡಿ ಎಂದು ಕೇಳಲೇಬೇಕು. ಮನೆಯಲ್ಲಿ ಮಾಡಬಹುದಾದದ್ದು ಸರಳ: ಏಳುವ ಮುಂಚೆ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಆಡಿಸುವುದು, ದಾರಿಗೊಂದು ಸಣ್ಣ ದೀಪ.

ಮಾತ್ರೆಗಳ ಸರಪಳಿ

ವಯಸ್ಸಾದ ಮೈಯಲ್ಲಿ ಔಷಧ ಬೇರೆ ಥರ ಓಡಾಡುತ್ತದೆ. ಕಿಡ್ನಿ ಸೋಸುವ ವೇಗ ಇಳಿದಿರುತ್ತದೆ. ಮೈಯಲ್ಲಿ ನೀರಿನ ಪಾಲು ಕಡಿಮೆ, ಕೊಬ್ಬಿನ ಪಾಲು ಜಾಸ್ತಿ. ಡಯಾಜೆಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ನಿದ್ದೆ ಮಾತ್ರೆ ಎಳೆಯರ ಮೈಯಿಂದ ಹೊರಹೋಗುವುದಕ್ಕಿಂತ ಹಲವು ಪಟ್ಟು ಹೆಚ್ಚು ಹೊತ್ತು ಹಿರಿಯರ ಮೈಯಲ್ಲಿ ಉಳಿಯುತ್ತದೆ. ನಿನ್ನೆಯದು ಇಳಿಯುವ ಮುಂಚೆ ಇವತ್ತಿನದು ಸೇರುತ್ತದೆ. ಹಿರಿಯರಿಗೆ ಯಾವ ಔಷಧಿಗಳಲ್ಲಿ ಅಪಾಯ ಜಾಸ್ತಿ ಎಂದು 1991ರಲ್ಲಿ ಮಾರ್ಕ್ ಬಿಯರ್ಸ್ ಒಂದು ಪಟ್ಟಿ ಮಾಡಿದರು. ಅದನ್ನು ಈಗಲೂ ಪರಿಷ್ಕರಿಸುತ್ತಲೇ ಇದ್ದಾರೆ. ನೆಗಡಿ, ತುರಿಕೆಗೆ ಚೀಟಿ ಇಲ್ಲದೆ ಸಿಗುವ ಕೆಲವು ಹಳೆ ಮಾತ್ರೆಗಳೂ ಅದರಲ್ಲಿವೆ. ಅವು ಹಿರಿಯರಲ್ಲಿ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು ಎಲ್ಲವನ್ನೂ ತರಬಲ್ಲವು.

ಇನ್ನೂ ಮೋಸದ್ದು ಸರಪಳಿ. ಬಿ.ಪಿ.ಗೆ ಕೊಟ್ಟ ಒಂದು ಮಾತ್ರೆಯಿಂದ ಕಾಲು ಊದಿಕೊಳ್ಳುತ್ತದೆ. ಊತಕ್ಕೆ ನೀರಿನ ಮಾತ್ರೆ ಬರುತ್ತದೆ. ಅದರಿಂದ ಮೂತ್ರ ಜಾಸ್ತಿ, ಅದನ್ನು ತಡೆಯಲು ಇನ್ನೊಂದು. ಅದರಿಂದ ಬಾಯಿ ಒಣಗಿ, ಮಂಕು ಕವಿದು, ಕೊನೆಗೆ ಮರೆವಿನ ಮಾತ್ರೆಯ ಮಾತು ಶುರುವಾಗುತ್ತದೆ. ಇದೆಲ್ಲ ಎರಡು ಮೂರು ಡಾಕ್ಟರ ಬಳಿ ನಡೆದಿದ್ದರೆ ಯಾರೊಬ್ಬರ ಕಣ್ಣಿಗೂ ಪೂರ್ತಿ ಕಥೆ ಬೀಳುವುದಿಲ್ಲ. ಹಾಗೆಂದು ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು, ಕೆಲವನ್ನು ಥಟ್ಟನೆ ಬಿಟ್ಟರೆ ಇನ್ನೂ ಅಪಾಯ. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಒಬ್ಬರೇ ಡಾಕ್ಟರಿಗೆ ತೋರಿಸಿ, "ಇದರಲ್ಲಿ ಯಾವುದು ಈಗ ಬೇಡ?" ಎಂದು ಕೇಳಬೇಕು.

ನಿದ್ದೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮುಪ್ಪಿನಲ್ಲಿ ಗಾಢ ನಿದ್ದೆಯ ಪಾಲು ಕುಗ್ಗುತ್ತದೆ, ಎಚ್ಚರ ಜಾಸ್ತಿ ಆಗುತ್ತದೆ. ಮೈಯ ಗಡಿಯಾರ ಮುಂದಕ್ಕೆ ಸರಿದು ಸಂಜೆಯೇ ತೂಕಡಿಕೆ, ಬೆಳಗಿನ ಜಾವಕ್ಕೇ ಎಚ್ಚರ. ಎಂಟಕ್ಕೆ ಮಲಗಿ ಮೂರಕ್ಕೆ ಎದ್ದು "ನಿದ್ದೆಯೇ ಬರಲ್ಲ" ಅನ್ನುವವರು ಏಳು ಗಂಟೆ ಮಲಗಿದ್ದಾರೆ ಅಲ್ವಾ? ಅದಕ್ಕೆ ಮಾತ್ರೆ ಬೇಕಿಲ್ಲ. ಹಗಲು ಬಿಸಿಲಲ್ಲಿ ಓಡಾಟ, ಮಧ್ಯಾಹ್ನದ ನಿದ್ದೆ ಗಿಡ್ಡ ಮಾಡುವುದು ಸಾಕಾಗುತ್ತದೆ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಮಾತ್ರ ಅದು ಬೇರೆಯೇ ಕಾಯಿಲೆ, ತೋರಿಸಬೇಕು.

ಮಿದುಳು: ನಿಧಾನ ಬೇರೆ, ನಾಶ ಬೇರೆ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ಇನ್ನಾದರೂ ಕೈಬಿಡಬಹುದು. ಅರವತ್ತಕ್ಕೆ ಆಗುವುದು ಅಷ್ಟಲ್ಲ. ಮಿದುಳಿನ ಕೆಲಸದ ವೇಗ ಇಳಿಯುತ್ತದೆ, ಅದು ನಿಜ, ಇಪ್ಪತ್ತರ ನಂತರವೇ ಮೆಲ್ಲಗೆ ಇಳಿಯುತ್ತಿರುತ್ತದೆ. ಹೊಸ ಫೋನಿನ ಮೆನು ಕಲಿಯಲು ಹೊತ್ತು ಹಿಡಿಯುತ್ತದೆ. ಎರಡು ಕೆಲಸ ಒಟ್ಟಿಗೆ ಕಷ್ಟ. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಆದರೆ ಪದಸಂಪತ್ತು, ಲೋಕಜ್ಞಾನ, ತಾನು ಪಳಗಿದ ಕೆಲಸದಲ್ಲಿ ಸರಿತಪ್ಪು ಅಳೆಯುವ ಶಕ್ತಿ ಅರವತ್ತು ದಾಟಿದರೂ ನಿಲ್ಲುತ್ತವೆ, ಕೆಲವರಲ್ಲಿ ಬೆಳೆಯುತ್ತವೆ. ಹೊಸದನ್ನು ಸ್ಥಳದಲ್ಲೇ ಬಿಡಿಸುವ ಬುದ್ಧಿ ಬೇರೆ, ಕಲಿತು ಕೂಡಿಟ್ಟ ಬುದ್ಧಿ ಬೇರೆ ಎಂದು ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಬಹಳ ಹಿಂದೆಯೇ ವಿಂಗಡಿಸಿದ್ದರು. ವಯಸ್ಸು ಬೇಗ ಕೈ ಹಾಕುವುದು ಮೊದಲನೆಯದಕ್ಕೆ.

ಮೈಗೂ ಮಿದುಳಿಗೂ ಇರುವ ನಂಟು ತೋರಿಸುವ ಸೊಗಸಾದ ಅಧ್ಯಯನವೊಂದು ಸ್ವೀಡನ್‌ನಿಂದ 1997ರಲ್ಲಿ ಬಂತು. ಹಿರಿಯರ ಜೊತೆ ನಡೆಯುತ್ತಾ ಮಾತು ತೆಗೆದರು, ಅಷ್ಟೇ. ಕೆಲವರು ಉತ್ತರ ಕೊಡಲು ನಿಂತುಬಿಟ್ಟರು. ಹಾಗೆ ನಿಂತವರೇ ಮುಂದಿನ ತಿಂಗಳುಗಳಲ್ಲಿ ಜಾಸ್ತಿ ಬಿದ್ದರು. ನಡಿಗೆಯೇ ಅವರ ಗಮನವನ್ನೆಲ್ಲ ನುಂಗುತ್ತಿತ್ತು, ಮಾತಿಗೆ ಮಿಗುತ್ತಿರಲಿಲ್ಲ. ಅಜ್ಜಿ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಪ್ರಶ್ನೆ ಕೇಳಬೇಡಿ.

ಡಿಮೆನ್ಶಿಯಾ ಬೇರೆಯೇ ವಿಷಯ. ಅದು ಕಾಯಿಲೆ. 2021ರಲ್ಲಿ ಪ್ರಪಂಚದಲ್ಲಿ 5.7 ಕೋಟಿ ಜನರಿಗೆ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಶೇ. 60ರಿಂದ 70ರಷ್ಟಕ್ಕೆ ಅಲ್ಜೈಮರ್ ಕಾರಣ. ವಯಸ್ಸಿನ ಜೊತೆ ಅಪಾಯ ಏರುತ್ತದೆ, ಆದರೆ ಎಲ್ಲರಿಗೂ ಬರುವುದಿಲ್ಲ. ವ್ಯತ್ಯಾಸ ತಿಳಿಯುವುದು ಹೇಗೆ? ಮದುವೆಗೆ ಬಂದಿದ್ದವರೊಬ್ಬರ ಹೆಸರು ಮರೆತು, ಸಂಜೆ ಅದು ತಾನಾಗೇ ನೆನಪಾದರೆ ಚಿಂತೆ ಬೇಡ. ಹೋದ ವಾರ ಮದುವೆಗೆ ಹೋಗಿದ್ದೇ ನೆನಪಿಲ್ಲ, ಫೋಟೋ ತೋರಿಸಿದರೂ ನೆನಪಾಗಲಿಲ್ಲ ಅಂದರೆ ಬೇರೆ. ದಿನಾ ಓಡಾಡುವ ದಾರಿ ತಪ್ಪುವುದು, ಹಣದ ಲೆಕ್ಕ ಕೈತಪ್ಪುವುದು, ವರ್ಷಗಟ್ಟಲೆ ಮಾಡಿದ ಅಡುಗೆಯ ಕ್ರಮ ತಪ್ಪುವುದು ಪರೀಕ್ಷೆಗೆ ಸಾಕಷ್ಟು ಕಾರಣ. ಇನ್ನೊಂದು ಸೂಚನೆ ಎಂದರೆ, ಸಹಜ ಮರೆವಿನಲ್ಲಿ ಮರೆಯುವವರೇ ಜಾಸ್ತಿ ಕಂಗಾಲಾಗುತ್ತಾರೆ, ಡಿಮೆನ್ಶಿಯಾದಲ್ಲಿ ಎಷ್ಟೋ ಸಲ ಮನೆಯವರು. ಪರೀಕ್ಷೆ ಮಾಡಿಸಲೇಬೇಕಾದ ಇನ್ನೊಂದು ಕಾರಣ ಇದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಮೇಲೆ ಹೇಳಿದ ಮಾತ್ರೆಗಳು ಇವೂ ಮರೆವಿನ ರೂಪದಲ್ಲಿ ಬರುತ್ತವೆ. ಇವಕ್ಕೆ ಚಿಕಿತ್ಸೆ ಇದೆ.

ಮನಸ್ಸು

ಮುಪ್ಪು ಎಂದರೆ ಸಂಕಟ ಎಂದು ಹರೆಯದವರು ಊಹಿಸುತ್ತಾರೆ. ಸಂಶೋಧನೆಯಲ್ಲಿ ಕಂಡದ್ದು ಹಾಗಲ್ಲ. ಆರೋಗ್ಯ ತಕ್ಕಮಟ್ಟಿಗೆ ಇದ್ದರೆ, ಹಿರಿಯರಲ್ಲಿ ಸಿಟ್ಟು, ಆತಂಕ ಎಳೆಯರಿಗಿಂತ ಕಡಿಮೆ, ನೆಮ್ಮದಿ ಜಾಸ್ತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಇದಕ್ಕೆ ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಮುಂದಿರುವ ಕಾಲ ಕಡಿಮೆ ಎಂದು ಮನಸ್ಸಿಗೆ ಗೊತ್ತಾದಾಗ ಅದು ಆಯ್ಕೆ ಬದಲಿಸುತ್ತದೆ. ಹೊಸ ಪರಿಚಯಗಳಿಗಿಂತ ಹತ್ತಿರದವರು ಸಾಕು ಅನ್ನಿಸುತ್ತದೆ. ಹಾಗಾಗಿ ಸ್ನೇಹಿತರ ಸಂಖ್ಯೆ ಇಳಿದದ್ದೆಲ್ಲ ಒಂಟಿತನ ಅಲ್ಲ. ತಾವೇ ಸೋಸಿ ಉಳಿಸಿಕೊಂಡ ನಾಲ್ಕು ಜನ ಬೇರೆ, ಒಬ್ಬೊಬ್ಬರೇ ತೀರಿಕೊಂಡು ಉಳಿದ ನಾಲ್ಕು ಜನ ಬೇರೆ.

ಹಳೆಯ ಕಥೆಯನ್ನೇ ಮತ್ತೆ ಮತ್ತೆ ಹೇಳುವುದನ್ನು ನಾವು ಮರೆವು ಅನ್ನುತ್ತೇವೆ. 1963ರಲ್ಲಿ ಮನೋವೈದ್ಯ ರಾಬರ್ಟ್ ಬಟ್ಲರ್ ಬೇರೆ ರೀತಿ ನೋಡಿದರು. ಬದುಕನ್ನು ತಿರುಗಿ ನೋಡಿ, ಆಗಿಹೋದದ್ದಕ್ಕೆ ಒಂದು ಅರ್ಥ ಕಟ್ಟಿಕೊಳ್ಳುವುದು ಆ ವಯಸ್ಸಿನ ಮನಸ್ಸಿನ ಸಹಜ ಕೆಲಸ ಎಂದರು. ಆ ಕಥೆಗಳು ಬಹುಪಾಲು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವೇ ಆಗಿರುತ್ತವೆ. ಆ ಕಾಲದ ನೆನಪುಗಳು ಎಲ್ಲರಲ್ಲೂ ಹೆಚ್ಚು ದಟ್ಟ. ವಯಸ್ಸಾದವರನ್ನು ಕೀಳಾಗಿ ಕಾಣುವುದನ್ನು ಬಣ್ಣ, ಲಿಂಗದ ತಾರತಮ್ಯದ ಸಾಲಿಗೇ ಸೇರಿಸಿ ಅದಕ್ಕೆ 'ಏಜಿಸಂ' ಎಂದು ಹೆಸರು ಕೊಟ್ಟವರೂ ಇದೇ ಬಟ್ಲರ್. ಆ ಕೀಳರಿಮೆ ಹಿರಿಯರ ಒಳಗೂ ಇಳಿಯುತ್ತದೆ. ಬೆಕಾ ಲೆವಿ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಒಳ್ಳೆಯ ಭಾವನೆಯೊಂದೇ ಕಾರಣ ಎಂದು ಇದರಿಂದ ಹೇಳಲಾಗದು. ಸುಮ್ನೆ ತಳ್ಳಿಹಾಕುವ ಅಂತರವೂ ಅಲ್ಲ.

ಮತ್ತೆ, ಖಿನ್ನತೆ ಮುಪ್ಪಿನ ಸಹಜ ಭಾಗ ಅಲ್ಲ. ಇದನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಹಿರಿಯರು "ಬೇಜಾರು" ಅನ್ನುವುದಿಲ್ಲ. ಮೈ ಕೈ ನೋವು, ಸುಸ್ತು, ಹೊಟ್ಟೆ ಸರಿಯಿಲ್ಲ, ಏನೂ ನೆನಪಿರಲ್ಲ ಅನ್ನುತ್ತಾರೆ. ತೂಕ ಇಳಿಯುತ್ತದೆ. ಇಷ್ಟಪಟ್ಟು ಮಾಡುತ್ತಿದ್ದುದನ್ನು ಬಿಡುತ್ತಾರೆ. ಸಂಗಾತಿ ಹೋದ ಮೇಲೆ ದುಃಖ ಸಹಜ, ಅದಕ್ಕೆ ಹೊತ್ತು ಬೇಕು. ಆದರೆ ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬರುತ್ತಿದ್ದರೆ ಅದನ್ನು ವಯಸ್ಸಿನ ವೈರಾಗ್ಯ ಎಂದು ಬಿಡಬಾರದು. ಚಿಕಿತ್ಸೆ ಎಂಬತ್ತರಲ್ಲೂ ಫಲ ಕೊಡುತ್ತದೆ.

ಮೈಯ ಒಂದು ತೊಂದರೆ ಮನಸ್ಸನ್ನು ಹಿಡಿದು, ಮನಸ್ಸು ಮತ್ತೆ ಮೈಯನ್ನು ಕೆಡಿಸುವುದು ಮುಪ್ಪಿನ ಅಸಲಿ ಸುಳಿ. 65 ದಾಟಿದವರಲ್ಲಿ ವರ್ಷಕ್ಕೆ ಸುಮಾರು ಮೂರರಲ್ಲೊಬ್ಬರು ಬೀಳುತ್ತಾರೆ. ಒಮ್ಮೆ ಬಿದ್ದವರಿಗೆ ಪೆಟ್ಟಾಗದಿದ್ದರೂ ಭಯ ಹಿಡಿಯುತ್ತದೆ. ಓಡಾಟ ನಿಲ್ಲಿಸುತ್ತಾರೆ. ಸ್ನಾಯು ಕರಗುತ್ತದೆ. ಮುಂದಿನ ಸಲ ನಿಜವಾಗಿ ಬೀಳುತ್ತಾರೆ. ಮೂತ್ರ ಸೋರುವುದೂ ಹೀಗೆಯೇ. ನಾಚಿಕೆಗೆ ಹೊರಗೆ ಹೋಗುವುದನ್ನು ಬಿಟ್ಟು, ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಯಾಕೆ ಬರಲಿಲ್ಲ ಎಂದರೆ ಮಂಡಿ ನೋವು ಅನ್ನುತ್ತಾರೆ. ಸೋರುವುದಕ್ಕೆ ಸೊಂಟದ ಕೆಳಗಿನ ಸ್ನಾಯುಗಳ ವ್ಯಾಯಾಮದಿಂದ ಹಿಡಿದು ಔಷಧದವರೆಗೆ ಪರಿಹಾರಗಳಿವೆ, ಆದರೆ ಕೇಳಿದರೆ ತಾನೇ.

ವಯಸ್ಸು ದಿಢೀರ್ ಬರುವುದಿಲ್ಲ

ಮುಪ್ಪಿನ ಬದಲಾವಣೆಗಳೆಲ್ಲ ವರ್ಷಗಳ ಲೆಕ್ಕದಲ್ಲಿ ಬರುತ್ತವೆ. ಎರಡು ದಿನದಲ್ಲಿ ಬಂದದ್ದು ವಯಸ್ಸು ಅಲ್ಲ. ನಿನ್ನೆವರೆಗೆ ಸರಿ ಇದ್ದವರು ಇವತ್ತು ಸಂಜೆ ಮಗನನ್ನು ಗುರುತಿಸುತ್ತಿಲ್ಲ, ಇಲ್ಲದವರ ಜೊತೆ ಮಾತಾಡುತ್ತಿದ್ದಾರೆ ಅಥವಾ ಏನೂ ಮಾತಾಡದೆ ಮಂಪರಿನಲ್ಲಿದ್ದಾರೆ ಎಂದರೆ ಅದು ಸನ್ನಿ, ತುರ್ತು ಸ್ಥಿತಿ. ಹಿಂದೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಸೋಡಿಯಂ ಇಳಿದದ್ದು, ಹೊಸ ಮಾತ್ರೆ ಏನಾದರೂ ಇರಬಹುದು. ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ ಪಾರ್ಶ್ವವಾಯು. ಹಿರಿಯರಲ್ಲಿ ಸೋಂಕು ಇದ್ದರೂ ಜ್ವರ ಬಾರದಿರಬಹುದು. ಎದೆ ನೋವಿಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯ ರೂಪದಲ್ಲಿ ಹೃದಯಾಘಾತ ಆಗಬಹುದು. "ಥರ್ಮಾಮೀಟರಲ್ಲಿ ಏನೂ ಇಲ್ಲ, ನಾಳೆ ನೋಡೋಣ" ಎಂದು ಕಾಯುವಂತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಮೊದಲು ಬೇಕಾಗುವುದು ರೋಗಿಯ ವಯಸ್ಸಲ್ಲ. ಹದಿನೈದು ದಿನದ ಹಿಂದೆ ಅವರು ಏನೇನು ಮಾಡಿಕೊಳ್ಳುತ್ತಿದ್ದರು, ತಾವೇ ಸ್ನಾನ ಮಾಡುತ್ತಿದ್ದರಾ, ಪೇಪರ್ ಓದುತ್ತಿದ್ದರಾ, ಯಾವತ್ತಿನಿಂದ ಬದಲಾಯಿತು, ಆ ವಾರ ಯಾವ ಮಾತ್ರೆ ಹೊಸದಾಗಿ ಶುರುವಾಯಿತು ಅನ್ನುವುದು. ಜೊತೆಗೆ ಹೋಗುವವರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಕನ್ನಡಕ, ಶ್ರವಣ ಸಾಧನ ಮನೆಯಲ್ಲಿ ಬಿಟ್ಟು ಹೋಗಬಾರದು. ಅವಿಲ್ಲದೆ ಡಾಕ್ಟರು ಕೇಳಿದ ಪ್ರಶ್ನೆ ಕೇಳಿಸದೆ, ಸರಿ ಇರುವವರೂ ಗೊಂದಲದಲ್ಲಿದ್ದಾರೆ ಎಂದು ಕೇಸ್ ಶೀಟಿನಲ್ಲಿ ದಾಖಲಾಗಿಬಿಡುತ್ತದೆ.